ಮುಂಬೈ ದಾರಿಯ ಹಡಗುಗಳು ಯುದ್ಧಕ್ಕೆ ಹೋದಾಗ

ಸ್ನೇಹಿತರೇ,

1931ರ ಆಗಸ್ಟ್ 29ರಂದು ಗಾಂಧೀಜಿ ಮುಂಬೈಯಲ್ಲಿ ಹಡಗು ಹತ್ತಿದರು. ದುಂಡುಮೇಜಿನ ಪರಿಷತ್ತಿಗೆ ಹೊರಟಿದ್ದರು. ಪ್ರಯಾಣ ಎರಡನೇ ದರ್ಜೆಯಲ್ಲಿ. ಜೊತೆಯವರು ತಂದಿದ್ದ ಪೆಟ್ಟಿಗೆಗಳ ರಾಶಿ ನೋಡಿ ಬೇಸರಪಟ್ಟರು. ಜಾಸ್ತಿಯಾದದ್ದನ್ನು ಏಡನ್‌ನಿಂದಲೇ ವಾಪಸ್ ಕಳಿಸಿದರು. ಈ ಕತೆ ನಿಮ್ಮಲ್ಲಿ ಹಲವರು ಕೇಳಿರುತ್ತೀರಿ, ಅಲ್ವಾ? ಇವತ್ತು ನಾನು ಹೇಳಹೊರಟಿರುವುದು ಆ ಹಡಗಿನ ಬಳಗದ ಕತೆ.

ಅದರ ಹೆಸರು ರಾಜಪುತಾನಾ. ಪಿ ಅಂಡ್ ಓ ಎಂಬ ಬ್ರಿಟಿಷ್ ಹಡಗು ಕಂಪನಿಯ, ಒಂದೇ ಮಾದರಿಯ ನಾಲ್ಕು ಸೋದರಿ ಹಡಗುಗಳಲ್ಲಿ ಒಂದು. ಉಳಿದವು ರಾವಲ್ಪಿಂಡಿ, ರಾಂಚಿ, ರಾನ್‌ಪುರ. ಎಲ್ಲಕ್ಕೂ ನಮ್ಮ ಕಡೆಯ ಹೆಸರುಗಳೇ.

ಎರಡನೇ ಮಹಾಯುದ್ಧ ಹತ್ತಿರ ಬಂದಿದ್ದ 1939ರ ಆಗಸ್ಟ್‌ನಲ್ಲಿ ಬ್ರಿಟಿಷ್ ನೌಕಾಪಡೆ ರಾವಲ್ಪಿಂಡಿಯನ್ನು ವಶಕ್ಕೆ ತೆಗೆದುಕೊಂಡಿತು. ಅದರ ಎರಡು ಹೊಗೆಕೊಳವೆಗಳಲ್ಲಿ ಹಿಂದಿನದು ಸುಮ್ನೆ ನೋಟಕ್ಕೆ ಇದ್ದದ್ದು. ಅದನ್ನು ಕಿತ್ತುಹಾಕಿದರು. ಆರು ಇಂಚಿನ ಎಂಟು ಹಳೆಯ ಫಿರಂಗಿಗಳನ್ನು ಕೂರಿಸಿದರು. ನೌಕಾಪಡೆಗೆ ಕ್ರೂಸರ್‌ಗಳು, ಅಂದರೆ ವೇಗದ ಮಧ್ಯಮ ಗಾತ್ರದ ಯುದ್ಧನೌಕೆಗಳು, ಸಾಲುತ್ತಿರಲಿಲ್ಲ. ಇಂಥ ಹಡಗುಗಳಾದರೆ ವಾರಗಟ್ಟಲೆ ಸಮುದ್ರದಲ್ಲೇ ಇರಬಲ್ಲವು. ಐಸ್‌ಲ್ಯಾಂಡ್ ಸುತ್ತ ನುಸುಳುವ ಜರ್ಮನ್ ಸರಕು ಹಡಗುಗಳನ್ನು ತಡೆಯಲು ಅಷ್ಟು ಸಾಕಿತ್ತು. ಆದರೆ ಉಕ್ಕಿನ ಕವಚ ಇರಲಿಲ್ಲ. ಮನೆಯ ಗೋಡೆಯಂತೆ ಎತ್ತರದ ಮೈ. ಗುರಿಯಿಡುವವನಿಗೆ ಅದಕ್ಕಿಂತ ಸುಲಭದ್ದು ಇನ್ನೇನು ಬೇಕು?

ರಾವಲ್ಪಿಂಡಿಯ ಕ್ಯಾಪ್ಟನ್ ಎಡ್ವರ್ಡ್ ಕೆನಡಿ ಅವರಿಗೆ ಆಗ 60 ವರ್ಷ. ನಿವೃತ್ತರಾಗಿದ್ದವರು ಮತ್ತೆ ಕೆಲಸಕ್ಕೆ ಬಂದಿದ್ದರು. ಅವರ ಕೈಕೆಳಗೆ ಮೀಸಲು ಪಡೆಯವರು, ವ್ಯಾಪಾರಿ ಹಡಗುಗಳಲ್ಲಿ ದುಡಿದವರು ತುಂಬಾ ಇದ್ದರು.

ನವೆಂಬರ್ 23ರ ಮಧ್ಯಾಹ್ನ, ಐಸ್‌ಲ್ಯಾಂಡ್ ಮತ್ತು ಫೆರೋ ದ್ವೀಪಗಳ ನಡುವೆ, ಎದುರಿಗೆ ದೊಡ್ಡದೊಂದು ಯುದ್ಧನೌಕೆ ಕಂಡಿತು. ಅದು ಡಾಯ್ಚ್‌ಲ್ಯಾಂಡ್ ಎಂಬ ಜರ್ಮನ್ ಯುದ್ಧನೌಕೆ ಇರಬೇಕೆಂದು ಕೆನಡಿ ತಂತಿಯಿಲ್ಲದ ಸಂದೇಶ ಕಳಿಸಿದರು. ನಿಜಕ್ಕೂ ಅದು ಶಾರ್ನ್‌ಹಾರ್ಸ್ಟ್ ಎಂಬ ಇನ್ನೊಂದು ಜರ್ಮನ್ ನೌಕೆ. ಜೊತೆಗೆ ಗ್ನೈಸೆನೌ ಕೂಡ ಇತ್ತು. ಒಂದೊಂದರಲ್ಲೂ ಹನ್ನೊಂದು ಇಂಚಿನ ಒಂಬತ್ತು ಫಿರಂಗಿಗಳು. ಅವುಗಳ ಒಂದು ಗುಂಡಿನ ತೂಕ 300 ಕಿಲೋಗಿಂತ ಜಾಸ್ತಿ. ರಾವಲ್ಪಿಂಡಿಯದು ಸುಮಾರು 45 ಕಿಲೋ. ಓಡಿಹೋಗುವಂತೆಯೂ ಇರಲಿಲ್ಲ, ವೇಗದಲ್ಲಿ ಆ ನೌಕೆಗಳ ಹತ್ತಿರಕ್ಕೂ ಬರುತ್ತಿರಲಿಲ್ಲ.

ನಿಲ್ಲು ಎಂದು ಜರ್ಮನ್ನರು ಸೂಚನೆ ಕೊಟ್ಟರು. ಕೆನಡಿ ನಿಲ್ಲಿಸಲಿಲ್ಲ. ಸುಮಾರು 40 ನಿಮಿಷ ಕಾದಾಟ ನಡೆಯಿತು. ರಾವಲ್ಪಿಂಡಿಯ ಒಂದು ಗುಂಡು ಶಾರ್ನ್‌ಹಾರ್ಸ್ಟ್‌ಗೆ ತಾಗಿತು ಕೂಡ. ಕೊನೆಗೆ ಹಡಗು ಉರಿದು ಮುಳುಗಿತು. ಕೆನಡಿಯೂ ಸೇರಿ 238 ಮಂದಿ ಸತ್ತರು.

ಇದನ್ನು ಬರೀ ಹುಂಬ ಸಾಹಸ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇಂಥ ಹಡಗಿನ ಕೆಲಸ ಗೆಲ್ಲುವುದಲ್ಲ, ಶತ್ರುವನ್ನು ಕಂಡು ಕೂಗಿ ಹೇಳುವುದು. ಹೆಸರು ತಪ್ಪಿದ್ದರೂ ಆ ಕೂಗು ತಲುಪಿತು. ನ್ಯೂಕ್ಯಾಸಲ್ ಎಂಬ ಕ್ರೂಸರ್ ಧಾವಿಸಿ ಬಂತು. ಅದನ್ನು ಕಂಡದ್ದೇ ತಡ, ನೀರಿಗೆ ಬಿದ್ದವರನ್ನು ಎತ್ತಿಕೊಳ್ಳುತ್ತಿದ್ದ ಜರ್ಮನ್ ನೌಕೆಗಳು ಆ ಕೆಲಸ ಬಿಟ್ಟು ಮಳೆಯಲ್ಲಿ ಮರೆಯಾದವು. ಮುಂದಕ್ಕೆ ನುಗ್ಗದೆ ತಮ್ಮ ದೇಶಕ್ಕೆ ಮರಳಿದವು. ಆಮೇಲೆ ಇನ್ನೂ 11 ಜನರನ್ನು ಚಿತ್ರಾಲ್ ಎಂಬ ಹಡಗು ಉಳಿಸಿತು. ಅದೂ ಪಿ ಅಂಡ್ ಓ ಕಂಪನಿಯದೇ, ಅದೂ ಫಿರಂಗಿ ಹೊತ್ತ ಪ್ರಯಾಣಿಕರ ಹಡಗೇ.

ಗಾಂಧೀಜಿಯನ್ನು ಕರೆದೊಯ್ದ ರಾಜಪುತಾನಾ ಸಹ ಯುದ್ಧಕ್ಕಿಳಿಯಿತು. 1941ರ ಏಪ್ರಿಲ್ 13ರಂದು ಐಸ್‌ಲ್ಯಾಂಡ್ ಪಶ್ಚಿಮಕ್ಕೆ ಯು-108 ಜಲಾಂತರ್ಗಾಮಿ ಅದನ್ನು ಮುಳುಗಿಸಿತು. ರಾಂಚಿ, ರಾನ್‌ಪುರ ಉಳಿದುಕೊಂಡವು. ಯುದ್ಧ ಮುಗಿದ ಮೇಲೆ ರಾಂಚಿ ಮತ್ತೆ ಜನರನ್ನು ಹತ್ತಿಸಿಕೊಂಡಿತು. ಹೊಸ ಬದುಕು ಹುಡುಕಿ ಹೊರಟವರನ್ನು ಬ್ರಿಟನ್‌ನಿಂದ ಆಸ್ಟ್ರೇಲಿಯಾಕ್ಕೆ ಮುಟ್ಟಿಸುತ್ತಾ, 1953ರಲ್ಲಿ ಹಳೆಯ ಹಡಗುಗಳನ್ನು ಒಡೆಯುವ ಕಟ್ಟೆ ಸೇರಿತು.