ಮಂಗಳನ ಬೆನ್ನ ಹಿಂದಿನ ಇಪ್ಪತ್ತು ನಿಮಿಷ: ಕಮಾಂಡ್ ಪಟ್ಟಿ ತಯಾರಾಗುವ ಬಗೆ

ಎಲ್ಲರಿಗೂ ನಮಸ್ಕಾರ.

2014ರ ಸೆಪ್ಟೆಂಬರ್ 24ರ ಬೆಳಗ್ಗೆ 7.17ಕ್ಕೆ, ವೇಗ ತಗ್ಗಿಸಿ ಮಂಗಳನ ಕಕ್ಷೆಗೆ ಸೇರಲು, ಮಂಗಳಯಾನದ 440 ನ್ಯೂಟನ್ ಒತ್ತುಬಲದ ಎಂಜಿನ್ ಹೊತ್ತಿಕೊಂಡಿತು. ಬೆಂಗಳೂರಿಗೆ ಅದು ಗೊತ್ತಾದದ್ದು 7.30ಕ್ಕೆ. ರೇಡಿಯೊ ಸಂಕೇತ ಇಲ್ಲಿಗೆ ತಲುಪಲು ಹನ್ನೆರಡೂವರೆ ನಿಮಿಷ ಬೇಕಿತ್ತು, ಅಷ್ಟರಲ್ಲಿ ನೌಕೆ ಮಂಗಳನ ಮರೆಗೆ ಸರಿದಾಗಿತ್ತು. ಎಡವಟ್ಟಾದರೆ ಇಲ್ಲಿಂದ ಸರಿಪಡಿಸುವ ಮಾತೇ ಇರಲಿಲ್ಲ. ಅದಕ್ಕೇ ಪ್ರತಿ ಕಮಾಂಡಿಗೂ ಅದರ ಸಮಯ ಬರೆದು, ಸೆಪ್ಟೆಂಬರ್ 14–15ರಂದೇ ನೌಕೆಗೆ ಏರಿಸಲಾಗಿತ್ತು.

ಇಂಥ ಪಟ್ಟಿಯನ್ನು ಕೊನೆಯಿಂದ ಹಿಂದಕ್ಕೆ ಕಟ್ಟುತ್ತಾರೆ. ಎಂಜಿನ್ ಉರಿಯುವ ಕ್ಷಣವನ್ನು ಕಕ್ಷೆಯ ಲೆಕ್ಕ ಗೊತ್ತುಮಾಡುತ್ತದೆ, ಅದು ಕದಲುವುದಿಲ್ಲ. ವೇಗ ತಗ್ಗಬೇಕಾದರೆ ಎಂಜಿನ್ನಿನ ಬಾಯಿ ಸಾಗುವ ದಿಕ್ಕಿಗೆ ಇರಬೇಕು, ಆ ತಿರುವು 6.56ಕ್ಕೆ. ತಿರುಗಿದರೆ ದೊಡ್ಡ ಆಂಟೆನಾದ ಮುಖ ಭೂಮಿಯಿಂದ ಆಚೆ ಹೋಗುತ್ತದೆ. ಹಾಗಾಗಿ 4.17ಕ್ಕೇ ಮಧ್ಯಮ ಆಂಟೆನಾಕ್ಕೆ ಬದಲಾವಣೆ. 7.12ಕ್ಕೆ ನೌಕೆ ಮಂಗಳನ ನೆರಳಿಗೆ ಹೋಗುತ್ತದೆ, ಸೌರಫಲಕಕ್ಕೆ ಬಿಸಿಲಿಲ್ಲ. ಉರಿ ಶುರುವಾಗುವ ಮೊದಲೇ ಭಾರವೆಲ್ಲ ಬ್ಯಾಟರಿಯ ಮೇಲೆ. ಒಂದು ಸಾಲು ಜರುಗಿಸಿದರೆ ಉಳಿದವನ್ನೆಲ್ಲ ಮತ್ತೆ ಲೆಕ್ಕ ಹಾಕಬೇಕು.

ಆಮೇಲೆ ಸಿಮ್ಯುಲೇಟರ್, ಅಂದರೆ ನೆಲದ ಮೇಲೆಯೇ ನೌಕೆಯನ್ನು ಅನುಕರಿಸುವ ವ್ಯವಸ್ಥೆ. ಅದರಲ್ಲಿ ಓಡಬೇಕಾದದ್ದು ನೌಕೆಯೊಳಗಿನ ಸಾಫ್ಟ್‌ವೇರೇ. ಕಕ್ಷೆ, ಸೂರ್ಯನ ಕೋನ, ಬ್ಯಾಟರಿಯ ಚಾರ್ಜ್, ಟ್ಯಾಂಕಿನ ಒತ್ತಡ ಮಾತ್ರ ಲೆಕ್ಕದಿಂದ ಹುಟ್ಟಿಸಿದ್ದು. ಹೆಚ್ಚಿನ ಹೊತ್ತು ಹೋಗುವುದು ಬೇಕೆಂದೇ ಕೆಡಿಸಿ ನೋಡುವುದಕ್ಕೆ: ನೌಕೆಯ ತಿರುವನ್ನು ಅಳೆಯುವ ಗೈರೊ ತಪ್ಪು ಅಳತೆ ಕೊಡಲಿ, ಎಂಜಿನ್ ನಡುವೆಯೇ ಆರಲಿ, ಕಂಪ್ಯೂಟರ್ ರೀಸೆಟ್ ಆಗಲಿ. ರೀಸೆಟ್ ಆದ ಮೇಲೆ ಪಟ್ಟಿ ಯಾವ ಸಾಲಿನಿಂದ ಮುಂದುವರಿಯಬೇಕು? ಇದಕ್ಕೆ ಉತ್ತರ ಸಿಗದೆ ಯೋಜನೆಗೆ ಸಹಿ ಬೀಳಬಾರದು.

ಈ ಹಂತ ತಪ್ಪಿಸಿದರೆ ಏನಾಗುತ್ತದೆಂಬುದನ್ನು 1988ರಲ್ಲಿ ಸೋವಿಯತ್ ಒಕ್ಕೂಟದ ಫೋಬೋಸ್ 1 ತೋರಿಸಿತು. ಕಮಾಂಡಿನಲ್ಲಿ ಒಂದು ಚಿಹ್ನೆ ಬಿಟ್ಟುಹೋಗಿತ್ತು, ತಪಾಸಣೆಯ ಕಂಪ್ಯೂಟರ್ ಕೆಟ್ಟಿತ್ತು, ಹಾಗೆಯೇ ಕಳಿಸಿದರು. ನೆಲದ ಮೇಲಿನ ಪರೀಕ್ಷೆಗೆಂದು ಬರೆದು ಮೆಮೊರಿಯಲ್ಲೇ ಉಳಿದಿದ್ದ ಪ್ರೋಗ್ರಾಂ ಎಚ್ಚೆತ್ತು, ದಿಕ್ಕು ಕಾಯುವ ಥ್ರಸ್ಟರ್‌ಗಳನ್ನು, ಅಂದರೆ ಸಣ್ಣ ಎಂಜಿನ್‌ಗಳನ್ನು, ನಿಲ್ಲಿಸಿತು. ಸೌರಫಲಕಗಳು ಸೂರ್ಯನಿಂದ ತಿರುಗಿ, ಬ್ಯಾಟರಿ ಬರಿದಾಗಿ, ನೌಕೆ ಕೈಬಿಟ್ಟುಹೋಯಿತು.

ಆದರೆ ಸಿಮ್ಯುಲೇಟರಿಗೆ ನಾವು ಹೇಳಿಕೊಟ್ಟಷ್ಟೇ ಗೊತ್ತು. 2013ರ ನವೆಂಬರ್ 11ರಂದು, ಮಂಗಳಯಾನ ಇನ್ನೂ ಭೂಮಿಯನ್ನು ಸುತ್ತುತ್ತಿದ್ದಾಗ, ಎಂಜಿನ್ನಿಗೆ ಇಂಧನ ಬಿಡುವ ಕವಾಟವನ್ನು ನಡೆಸುವ ಮುಖ್ಯ ತಂತಿ ಸುರುಳಿಗೂ ಬದಲಿ ಸುರುಳಿಗೂ ಒಟ್ಟಿಗೆ ವಿದ್ಯುತ್ ಕೊಟ್ಟು ನೋಡಿದರು. ಇಂಧನದ ಹರಿವೇ ನಿಂತಿತು! ಬರೆದಿಟ್ಟ ತರ್ಕದಂತೆ ಸಣ್ಣ ಥ್ರಸ್ಟರ್‌ಗಳು ಕೆಲಸಕ್ಕಿಳಿದವು, ಆದರೂ ಸೆಕೆಂಡಿಗೆ 130 ಮೀಟರ್ ಏರಬೇಕಿದ್ದ ವೇಗ ಏರಿದ್ದು 35 ಮೀಟರ್ ಮಾತ್ರ. ಮರುದಿನವೇ ಇನ್ನೊಮ್ಮೆ ಉರಿಸಿ ಕೊರತೆ ತುಂಬಿದರು. ಬದಲಿ ವ್ಯವಸ್ಥೆಗಳನ್ನು ಮನೆಯ ಹತ್ತಿರ ಇರುವಾಗಲೇ ಪರೀಕ್ಷಿಸಬೇಕು ಎನ್ನುವುದು ಇದಕ್ಕೇ. ಮಂಗಳನ ಬಳಿ ಮರುದಿನ ಎಂಬುದು ಇರಲಿಲ್ಲ.

ಇನ್ನು ಉರಿಯನ್ನು ನಿಲ್ಲಿಸುವ ಕಮಾಂಡ್. ಯೋಜನೆಯಲ್ಲಿ ಇದ್ದದ್ದು ಸುಮಾರು 24 ನಿಮಿಷ. ನಿಜಕ್ಕೂ ಉರಿದದ್ದು 1388.67 ಸೆಕೆಂಡ್, ಅಂದರೆ ಸುಮಾರು ಒಂದು ನಿಮಿಷ ಕಡಿಮೆ. ವೇಗ ಎಷ್ಟು ಬದಲಾಯಿತೆಂದು ಆಕ್ಸಿಲೆರೊಮೀಟರ್‌ಗಳು ಅಳೆಯುತ್ತಿದ್ದವು. ಸೆಕೆಂಡಿಗೆ 1099 ಮೀಟರ್ ಇಳಿಯುತ್ತಲೇ ಎಂಜಿನ್ ಆರಿತು. ಗಡಿಯಾರ ನೋಡಿ ನಿಲ್ಲಿಸಿದ್ದರೆ ಆ ಒಂದು ನಿಮಿಷದ ಇಂಧನವೂ ವ್ಯರ್ಥ, ಕಕ್ಷೆಯೂ ಬೇರೆಯಾಗುತ್ತಿತ್ತು.