ವಜ್ರ ಕೊಳ್ಳುವಾಗ ಮೊದಲು ಕಟ್ ನೋಡಿ

ಕೇಳುಗರೇ, ನಮಸ್ಕಾರ.

ಮಾಟುಂಗದಲ್ಲಿರಲಿ, ಡೊಂಬಿವಲಿಯಲ್ಲಿರಲಿ, ಮುಂಬೈಯ ನಮ್ಮ ಕನ್ನಡದ ಮನೆಗಳಲ್ಲಿ ಮಗಳ ಮದುವೆ ಗೊತ್ತಾಯಿತೆಂದರೆ ಏಳು ಕಲ್ಲಿನ ವಜ್ರದೋಲೆಯ ಮಾತು ಬಂದೇ ಬರುತ್ತದೆ. ಜವೇರಿ ಬಜಾರಿಗೆ ಹೊರಟವರಿಗೆ ಮನೆಯ ಹಿರಿಯರದು ಒಂದೇ ಕಟ್ಟಪ್ಪಣೆ: “ಕಪ್ಪು ಚುಕ್ಕೆ ಇರಬಾರದು, ನೋಡಿ ತನ್ನಿ.” ಆ ಕಾಳಜಿ ಹಳೆಯದು. ಬಿಂದು, ರೇಖೆ, ಕಾಕಪಾದ ಎಂದು ವಜ್ರದ ದೋಷಗಳನ್ನು ನಮ್ಮ ರತ್ನಶಾಸ್ತ್ರಗಳೇ ಹೆಸರಿಟ್ಟು ಹೇಳಿವೆ. ಆದರೆ ಚುಕ್ಕೆಯನ್ನೇ ಹುಡುಕುತ್ತ ಕುಳಿತವರು ಕೊನೆಗೆ ಚುಕ್ಕೆಯಿಲ್ಲದ ಮಂಕು ಹರಳಿಗೆ ದುಬಾರಿ ಬೆಲೆ ತೆತ್ತು ಬರುವುದನ್ನು ಕಂಡಾಗ ಸಂಕಟವಾಗುತ್ತದೆ. ವಜ್ರಕ್ಕೆ ಕಳೆ ಕೊಡುವುದು ಕಟ್, ಅಂದರೆ ಹರಳಿನ ಮುಖಗಳನ್ನು ಕೋನ, ಅಳತೆ ನೋಡಿ ಕತ್ತರಿಸಿದ ರೀತಿ.

ದುಂಡು ಹರಳಿಗೆ 57 ಅಥವಾ 58 ಮುಖಗಳಿರುತ್ತವೆ. ಮೇಲಿನಿಂದ ಒಳಹೊಕ್ಕ ಬೆಳಕು ತಳದ ಮುಖಗಳಿಗೆ ಬಡಿದು ಮತ್ತೆ ಮೇಲಕ್ಕೇ ಬರಬೇಕು. ತಳದ ಕೋನ 41 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಇದು ಚೆನ್ನಾಗಿ ಆಗುತ್ತದೆ. ತಳ ಚಪ್ಪಟೆಯಾದರೆ ತೂತು ಬಿದ್ದ ಕೊಡದಂತೆ ಬೆಳಕು ಕೆಳಗೇ ಸೋರಿಹೋಗಿ, ಹರಳಿನೊಳಗೆ ಬೂದು ಬಣ್ಣದ ಬಳೆಯೊಂದು ಕಾಣುತ್ತದೆ. ತೀರಾ ಆಳವಾದರೆ ನಟ್ಟನಡುವೆ ಕಪ್ಪು. ಕಟ್ ಮಾಡುವವರು ಹೀಗೆ ಆಳ ಉಳಿಸಿಕೊಳ್ಳುವುದರ ಹಿಂದೆ ತೂಕದ ಲೆಕ್ಕಾಚಾರವಿದೆ. ತೂಕ ಒಂದು ಕ್ಯಾರೆಟ್, ಅಂದರೆ 200 ಮಿಲಿಗ್ರಾಂ ಮುಟ್ಟಿದೊಡನೆ ದರ ಜಿಗಿಯುತ್ತದೆ. ಹದವಾಗಿ ಕಟ್ ಮಾಡಿದ ಒಂದು ಕ್ಯಾರೆಟಿನ ದುಂಡು ಹರಳು ಸುಮಾರು 6.5 ಮಿಲಿಮೀಟರ್ ಅಗಲವಿರುತ್ತದೆ. ಅದೇ ತೂಕದ ಹರಳು 6 ಮಿಲಿಮೀಟರ್ ಮಾತ್ರ ಇದ್ದರೆ, ಹೊಳೆಯದ ಹೊಟ್ಟೆಗೆ ನೀವು ಹಣ ಕೊಡುತ್ತಿದ್ದೀರಿ.

ಅಂಗಡಿಯ ಸ್ಪಾಟ್‌ಲೈಟಿನ ಕೆಳಗೆ ಎಂಥ ಹರಳೂ ಮಿಂಚುತ್ತದೆ. ಸಂಕೋಚ ಬಿಟ್ಟು ಬಾಗಿಲ ಬಳಿ ತೋರಿಸಲು ಕೇಳಿ. ಮಳೆಗಾಲದ ಮೋಡದ ಬೆಳಕಾದರೆ ಇನ್ನೂ ಒಳ್ಳೆಯದು. ಅಂಗೈಯಿಂದ ನೆರಳು ಮಾಡಿ ಹರಳನ್ನು ಮೆಲ್ಲಗೆ ಅತ್ತಿತ್ತ ವಾಲಿಸಿ. ಆಗಲೂ ಬೆಳಕಿನ ಚೂರುಗಳು ಚುರುಕಾಗಿ ಜಾಗ ಬದಲಿಸುತ್ತಿದ್ದರೆ ಆ ಹರಳನ್ನು ಕೊಳ್ಳಲೆಂದು ಪಕ್ಕಕ್ಕೆ ತೆಗೆದಿರಿಸಿ. ‘ಬೆಲ್ಜಿಯಂ ಕಟಿಂಗ್’ ಎಂಬ ಮಾತಿಗೆ ಮರುಳಾಗಬೇಡಿ. ಜಗತ್ತಿನ ಬಹುಪಾಲು ವಜ್ರಗಳು ರೂಪ ಪಡೆಯುವುದು ನಮ್ಮ ಸೂರತ್‌ನಲ್ಲಿ, ಅಲ್ಲಿನ ಕುಶಲಕರ್ಮಿಗಳ ಕೈ ಯಾರಿಗೂ ಕಡಿಮೆಯಿಲ್ಲ. ಊರಿನ ಹೆಸರಿಗಿಂತ ಪ್ರಯೋಗಾಲಯದ ವರದಿಯಲ್ಲಿ ಕಟ್ ‘ಎಕ್ಸಲೆಂಟ್’ ಎಂದಿದೆಯೇ ಎಂಬುದು ಮುಖ್ಯ. ರತ್ನಗಳನ್ನು ಪರೀಕ್ಷಿಸಿ ವರದಿ ಕೊಡುವ ಅಮೆರಿಕದ ಜಿಐಎ ಸಂಸ್ಥೆ 2006ರಿಂದ ದುಂಡು ಹರಳುಗಳಿಗೆ ಈ ದರ್ಜೆ ಕೊಡುತ್ತಿದೆ. ಅದರ ಪ್ರಯೋಗಾಲಯ ಮುಂಬೈಯಲ್ಲೂ ಇದೆ.

ಇನ್ನು ಕ್ಲಾರಿಟಿ, ಅಂದರೆ ಚುಕ್ಕೆ, ಬಿರುಕುಗಳಿಲ್ಲದ ಶುದ್ಧತೆ. ಹತ್ತು ಪಟ್ಟು ಹಿಗ್ಗಿಸಿ ನೋಡಿ 11 ದರ್ಜೆಗಳಲ್ಲಿ ಇದನ್ನು ಅಳೆಯುತ್ತಾರೆ. ದೋಷ ಅತಿ ಅತಿ ಸಣ್ಣದಾದ ವಿವಿಎಸ್ ದರ್ಜೆಗೂ ಅದರ ಕೆಳಗಿನ ವಿಎಸ್‌ಗೂ ಬೆಲೆಯಲ್ಲಿ ಅಂತರವಿದೆ, ಹರಳಿನಲ್ಲಿನ ವ್ಯತ್ಯಾಸ ಮಾತ್ರ ಬರಿಗಣ್ಣಿಗೆ ಕಾಣುವುದಿಲ್ಲ. ಓಲೆಯ ಪುಟ್ಟ ಹರಳುಗಳಿಗಂತೂ ವಿಎಸ್ ಧಾರಾಳವಾಯಿತು. ಉಳಿದ ಹಣವನ್ನು ಕಟ್‌ಗೆ ಹಾಕಿ. ಅದಕ್ಕೂ ಕೆಳಗಿನ ಎಸ್‌ಐ ದರ್ಜೆಗೆ ಇಳಿದರೆ ಮಾತ್ರ ಪ್ರತಿ ಹರಳನ್ನೂ ಲೂಪ್‌ನಲ್ಲಿ, ಅಂದರೆ ಅಕ್ಕಸಾಲಿಗರ ಪುಟ್ಟ ಭೂತಗನ್ನಡಿಯಲ್ಲಿ, ನೋಡಲೇಬೇಕು. ಲೂಪನ್ನು ಕಣ್ಣಿಗೆ ಒತ್ತಿದಂತೆ ಹಿಡಿದು, ಚಿಮುಟದಲ್ಲಿರುವ ಹರಳನ್ನು ಒಂದು ಅಂಗುಲದಷ್ಟು ಹತ್ತಿರಕ್ಕೆ ತನ್ನಿ. ಎರಡೂ ಕೈಗಳು ಒಂದಕ್ಕೊಂದು ತಾಗಿರಲಿ, ಆಗ ನಡುಗುವುದಿಲ್ಲ. ಮೊದಲು ಹರಳನ್ನು ಒರೆಸಿಕೊಡಲು ಹೇಳಿ, ಧೂಳೂ ಚುಕ್ಕೆಯಂತೆಯೇ ಕಾಣುತ್ತದೆ. ಅಂಚಿನ ಚುಕ್ಕೆಯನ್ನು ಚಿನ್ನದ ಕೊಕ್ಕೆ ಮುಚ್ಚುತ್ತದೆ. ನಡುವಿನ ಚುಕ್ಕೆ ತಳದ ಮುಖಗಳಲ್ಲಿ ಪ್ರತಿಫಲಿಸಿ ನಾಲ್ಕಾರಾಗಿ ಕಾಣಬಹುದು. ಮೇಲ್ಮೈವರೆಗೆ ಬಂದ ಬಿರುಕು ಅಂಚಿನಲ್ಲಿದ್ದರೆ ಆ ಹರಳು ಬೇಡವೇ ಬೇಡ, ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ.

ಏಳು ಕಲ್ಲಿನ ಜೋಡಿಗೆ ಹದಿನಾಲ್ಕು ಹರಳು. ಅವನ್ನು ಕೂರಿಸುವ ಮೊದಲೇ ಬಿಳಿ ಕಾಗದದ ಮೇಲೆ ಸಾಲಾಗಿ ಇರಿಸಿ ನೋಡಿ. ಒಂದು ಮಂಕಾಗಿದ್ದರೂ ಬದಲಿಸಿ ಕೊಡಲು ಕೇಳಿ. ಒಂಟಿ ದೊಡ್ಡ ಹರಳಾದರೆ ಅದರ ಅಂಚಿನ ಮೇಲೆ ಲೇಸರ್‌ನಿಂದ ಕೊರೆದ ಸಂಖ್ಯೆ ಇದೆಯೇ ಕೇಳಿ. ಇದ್ದರೆ ಲೂಪ್‌ನಲ್ಲಿ ಓದಿ ವರದಿಯ ಸಂಖ್ಯೆಯೊಂದಿಗೆ ತಾಳೆ ನೋಡಿ. ಒಡವೆ ತಯಾರಾಗಿ ಕೈಗೆ ಬಂದಾಗ, ಬಾಕಿ ಹಣ ಕೊಡುವ ಮುಂಚೆ, ಇನ್ನೊಮ್ಮೆ ನೋಡಿ.