ಇಯರ್‌ಫೋನ್ ಡಯಾಫ್ರಮ್ ಮೇಲಿನ ಆ ತೆಳು ಲೇಪ ನಿಜಕ್ಕೂ ಏನು ಮಾಡುತ್ತೆ?

ಈಗ ಸ್ಕ್ರೀನ್ ತುಂಬ ಕಾಣ್ತಿರೋದು ಒಂದು ಇಯರ್‌ಫೋನ್ ಡ್ರೈವರ್‌ನ, ಅಂದ್ರೆ ಅದರೊಳಗಿನ ಪುಟ್ಟ ಸ್ಪೀಕರ್‌ನ ಡಯಾಫ್ರಮ್, ಕಂಪಿಸಿ ಸದ್ದು ಹುಟ್ಟಿಸೋ ತೆಳು ಪೊರೆ. ಮ್ಯಾಕ್ರೋ ಲೆನ್ಸ್ ಹಾಕಿರೋದ್ರಿಂದ ಇಷ್ಟು ದೊಡ್ಡದಾಗಿ ಕಾಣ್ತಿದೆ, ಅಸಲಿಗೆ ಇದರ ಅಗಲ 10 ಮಿಲಿಮೀಟರ್. ನಡುವೆ ಗುಮ್ಮಟದ ಹಾಗೆ ಉಬ್ಬಿರೋ ಕಡೆ ಬೂದು ಹೊಳಪಿದೆ ನೋಡಿ. ಸುತ್ತಲಿನ ಅಂಚು ಮಾತ್ರ ಹಾಗಿಲ್ಲ, ಬೆಳಕು ಆಚೆಗೆ ಹಾದು ಹೋಗ್ತಿದೆ. ಇವತ್ತು ಮಾತಾಡೋದೆಲ್ಲ ಆ ಬೂದು ಹೊಳಪಿನ ಬಗ್ಗೆ.

ಡಬ್ಬಿ ಮೇಲೆ ಡಿಎಲ್‌ಸಿ (ವಜ್ರದಂಥ ಇಂಗಾಲ), ಟೈಟಾನಿಯಂ, ಬೆರಿಲಿಯಂ, ಗ್ರಾಫೀನ್ ಅಂತೆಲ್ಲ ಬರೆದಿರ್ತಾರಲ್ಲ, ಎಷ್ಟೋ ಸಲ ಅದು ಈ ಪದರದ ಹೆಸರು. ಕೆಲವರು ಇದ್ರಿಂದ ಸೌಂಡೇ ಬದಲಾಗಿಬಿಡುತ್ತೆ ಅಂತಾರೆ. ಇನ್ನು ಕೆಲವರು ಎಲ್ಲ ಮಾರಾಟದ ಮಾತು ಅಂತ ತಳ್ಳಿಹಾಕ್ತಾರೆ. ನನಗೆ ಎರಡೂ ಒಪ್ಪಿಗೆ ಇಲ್ಲ. ಲೇಪ ಒಂದು ಕೆಲಸವನ್ನ ಖಂಡಿತ ಮಾಡುತ್ತೆ, ಲೆಕ್ಕ ಹಾಕಿ ತೋರಿಸಬಹುದಾದಷ್ಟು ಸ್ಪಷ್ಟವಾಗಿ ಮಾಡುತ್ತೆ. ಆದ್ರೆ ಆ ಕೆಲಸ ನಡೆಯೋದು ಹೆಚ್ಚಾಗಿ ಟ್ರೆಬಲ್‌ನ, ಅಂದ್ರೆ ಎತ್ತರದ ಸ್ವರಗಳ ಮೇಲಿನ ತುದಿಯಲ್ಲಿ. ಬೇಸ್‌ನಲ್ಲಿ ಅದನ್ನ ಹುಡುಕಿದ್ರೆ ಸಿಗಲ್ಲ.

ಮೊದಲು ಡಯಾಫ್ರಮ್‌ನಿಂದ ನಾವು ಏನು ಬಯಸ್ತೀವಿ ಅಂತ ನೋಡೋಣ. ಪೊರೆಗೆ ಅಂಟಿಸಿರೋ ತಂತಿ ಸುರುಳಿ, ಅಂದ್ರೆ ವಾಯ್ಸ್ ಕಾಯಿಲ್, ಹಿಂದೆ ಮುಂದೆ ತಳ್ಳಿದಾಗ, ಇಡೀ ಪೊರೆ ಒಂದೇ ತುಂಡಾಗಿ ಅದರ ಜೊತೆ ಹೋಗ್ಬೇಕು. ಕಡಿಮೆ ಫ್ರೀಕ್ವೆನ್ಸಿಯಲ್ಲಿ ಇದು ಸುಲಭ. ಫ್ರೀಕ್ವೆನ್ಸಿ ಮೇಲೇರಿದ ಹಾಗೆ ಪೊರೆ ಬಾಗೋಕೆ ಶುರುವಾಗುತ್ತೆ. ನಡುಭಾಗ ಮುಂದೆ ಹೋಗುವಾಗ ಅದರ ಸುತ್ತಲಿನ ಭಾಗ ಹಿಂದೆ ಬರುತ್ತೆ. ಇದನ್ನ ಬ್ರೇಕಪ್ ಅಂತಾರೆ. ಅಲ್ಲಿ ಕೆಲವು ಸ್ವರ ಎದ್ದು ಚುಚ್ಚುತ್ತೆ, ಕೆಲವು ಮುಳುಗಿ ಹೋಗುತ್ತೆ. ತಾಳದ ಝಣಝಣ, 'ಸ' 'ಶ' ಅಕ್ಷರಗಳ ಅಂಚು, ಇವೆಲ್ಲ ಇರೋದು ಈ ವಲಯದಲ್ಲೇ. ಹಾಗಾಗಿ ಹಗುರಾಗಿರೋ, ಬಾಗದೆ ನಿಲ್ಲೋ, ಕಂಪನವನ್ನ ಬೇಗ ಹೀರಿಕೊಳ್ಳೋ ಪೊರೆ ಬೇಕು. ಈ ಮೂರೂ ಗುಣ ಒಂದೇ ವಸ್ತುವಿನಲ್ಲಿ ಸಿಗೋದು ಬಹಳ ಕಷ್ಟ.

ಸಾಮಾನ್ಯವಾಗಿ ಬಳಸೋದು ಪೆಟ್ ಅನ್ನೋ ಪ್ಲಾಸ್ಟಿಕ್ ಫಿಲ್ಮ್. ಅದು ಹಗುರ, ಅಗ್ಗ, ಬೇಕಾದ ಆಕಾರಕ್ಕೆ ಒತ್ತಬಹುದು. ಆದ್ರೆ ಮೆದು. ಅದರೊಳಗೆ ಕಂಪನ ಸೆಕೆಂಡಿಗೆ ಸುಮಾರು 1,800 ಮೀಟರ್ ವೇಗದಲ್ಲಿ ಓಡುತ್ತೆ. ಅಲ್ಯೂಮಿನಿಯಂ, ಟೈಟಾನಿಯಂಗಳಲ್ಲಿ ಸುಮಾರು 5,000. ಬೆರಿಲಿಯಂನಲ್ಲಿ 12,000ಕ್ಕೂ ಹೆಚ್ಚು. ತೂಕಕ್ಕೆ ಹೋಲಿಸಿದ್ರೆ ವಸ್ತು ಎಷ್ಟು ಬಿಗಿ ಅನ್ನೋದನ್ನ ಈ ವೇಗ ಹೇಳುತ್ತೆ. ಹಾಗಾದ್ರೆ ಇಡೀ ಪೊರೆಯನ್ನೇ ಲೋಹದಲ್ಲಿ ಮಾಡಬಹುದಲ್ಲ? ಮಾಡಿದ್ದಾರೆ. 1974ರಲ್ಲೇ ಯಮಹಾ ಕಂಪನಿ ಎನ್‌ಎಸ್-1000 ಸ್ಪೀಕರ್‌ಗಳಿಗೆ ನಿರ್ವಾತದಲ್ಲಿ ಬೆರಿಲಿಯಂ ಆವಿಯನ್ನ ಕೂರಿಸಿ ಡೋಮ್‌ಗಳನ್ನ ತಯಾರಿಸಿತ್ತು. ಅಂಥ ಪೊರೆ ದುಬಾರಿ, ಜೊತೆಗೆ ಬೆರಿಲಿಯಂ ಧೂಳು ಶ್ವಾಸಕೋಶಕ್ಕೆ ವಿಷ. ಡ್ರೈವರ್‌ನೊಳಗೆ ಮುಚ್ಚಿಟ್ಟಾಗ ತೊಂದರೆ ಇಲ್ಲ. ಬಿಚ್ಚಿ ಉಜ್ಜೋದು, ಕತ್ತರಿಸೋದು ಮಾತ್ರ ಯಾವತ್ತೂ ಬೇಡ.

ಅದಕ್ಕೇ ಲೇಪದ ದಾರಿ ಬಂತು. ಪ್ಲಾಸ್ಟಿಕ್ ಪೊರೆ ಹಾಗೇ ಇರಲಿ, ಮೇಲೆ ಮಾತ್ರ ಗಟ್ಟಿ ವಸ್ತುವಿನ ಪದರ ಕೂರಿಸೋಣ ಅನ್ನೋ ಯೋಚನೆ. ಇದರ ಲೆಕ್ಕ ನನಗೆ ತುಂಬಾ ಇಷ್ಟ, ದಯವಿಟ್ಟು ಜೊತೆಗೇ ಬನ್ನಿ.

10 ಮಿಲಿಮೀಟರ್ ಅಗಲದ, 10 ಮೈಕ್ರಾನ್ (ಮಿಲಿಮೀಟರ್‌ನ ನೂರನೇ ಒಂದು ಭಾಗ) ದಪ್ಪದ ಪೆಟ್ ತಗೊಳ್ಳಿ. ಅದರ ತೂಕ ಬರೋದು ಸುಮಾರು 1.1 ಮಿಲಿಗ್ರಾಂ. ಅದರ ಒಂದು ಬದಿಗೆ 0.1 ಮೈಕ್ರಾನ್, ಅಂದ್ರೆ ಪೊರೆಯ ನೂರನೇ ಒಂದು ಭಾಗ ದಪ್ಪದ ಡಿಎಲ್‌ಸಿ ಕೂರಿಸಿದ್ರೆ ತೂಕ ಹೆಚ್ಚೋದು ಶೇಕಡಾ 2ರಷ್ಟು ಮಾತ್ರ. ಈಗ ಬಾಗುವಿಕೆ ನೋಡಿ. ಡಿಎಲ್‌ಸಿಯ ಬಿಗಿತ 150 ಗಿಗಾಪಾಸ್ಕಲ್ (ಬಿಗಿತ ಅಳೆಯೋ ಮಾನ), ಪೆಟ್‌ದು 4.5 ಅಂತ ಹಿಡಿದ್ರೆ, ಚಪ್ಪಟೆ ಹಾಳೆಯ ಲೆಕ್ಕದಲ್ಲಿ ಬಾಗುವಿಕೆಗೆ ಒಡ್ಡೋ ಪ್ರತಿರೋಧ ಸುಮಾರು ಒಂದೂಮುಕ್ಕಾಲು ಪಟ್ಟಾಗುತ್ತೆ. ಅದೇ ಲೇಪವನ್ನ ಅರ್ಧರ್ಧ ಮಾಡಿ ಎರಡೂ ಬದಿಗೆ ಹಂಚಿದ್ರೆ ಸುಮಾರು 2 ಪಟ್ಟು, ತೂಕ ಅಷ್ಟೇ! ಬಾಗುವಾಗ ಹೆಚ್ಚು ಎಳೆತ ಬೀಳೋದು ಮೇಲ್ಮೈಗೆ, ಬಿಗಿಯಾದ ವಸ್ತು ಕೂತಿರೋದೂ ಅಲ್ಲೇ, ಹಾಗಾಗಿ ಇಷ್ಟು ಫಲ. ಒಂದೇ ಬದಿ ಲೇಪಿಸಿದ್ರೂ ಬ್ರೇಕಪ್ ಫ್ರೀಕ್ವೆನ್ಸಿ ಸುಮಾರು ಶೇಕಡಾ 30ರಷ್ಟು ಮೇಲಕ್ಕೆ ಹೋಗುತ್ತೆ. 9 ಕಿಲೋಹರ್ಟ್ಸ್‌ನಲ್ಲಿ ಚುಚ್ಚುತ್ತಿದ್ದದ್ದು 12ರ ಹತ್ತಿರಕ್ಕೆ ಸರಿಯುತ್ತೆ ಅಂದುಕೊಳ್ಳಿ. ನಿಜವಾದ ಪೊರೆ ಚಪ್ಪಟೆ ಅಲ್ಲ. ಗುಮ್ಮಟದ ಆಕಾರವೇ ಅದಕ್ಕೆ ಸಾಕಷ್ಟು ಬಿಗಿತ ಕೊಡುತ್ತೆ, ಹಾಗಾಗಿ ಅಂಕಿ ಬದಲಾಗುತ್ತೆ. ದಿಕ್ಕು ಮಾತ್ರ ಇದೇ.

ಡಿಎಲ್‌ಸಿ ಅಂದ್ರೆ ಡೈಮಂಡ್ ಲೈಕ್ ಕಾರ್ಬನ್. ಇದು ವಜ್ರ ಅಲ್ಲ. ಹರಳಿನ ಶಿಸ್ತಿಲ್ಲದ ಇಂಗಾಲ, ಅದರಲ್ಲಿ ಒಂದು ಪಾಲು ಬಂಧಗಳು ವಜ್ರದ ಥರ, ಉಳಿದವು ಗ್ರಾಫೈಟ್ ಥರ. 1971ರಲ್ಲಿ ಐಸೆನ್‌ಬರ್ಗ್ ಮತ್ತು ಶಾಬೋ ಅನ್ನೋ ವಿಜ್ಞಾನಿಗಳು ಅಯಾನುಗಳ (ವಿದ್ಯುದಾವೇಶ ಇರೋ ಕಣಗಳ) ಕಿರಣದಿಂದ ಇಂಥ ಪದರ ಕೂರಿಸಿದ್ದನ್ನ ಪ್ರಕಟಿಸಿದ್ರು. ಈಗ ನಿರ್ವಾತ ಕೋಣೆಯಲ್ಲಿ ಅಸೆಟಿಲೀನ್ ಅಥವಾ ಮೀಥೇನ್ ಅನಿಲವನ್ನ ಪ್ಲಾಸ್ಮಾ, ಅಂದ್ರೆ ಅಯಾನುಗಳಾಗಿ ಒಡೆದ ಅನಿಲ ಮಾಡಿ ಕೂರಿಸ್ತಾರೆ. ಕಷ್ಟ ಇರೋದು ಎರಡು ಕಡೆ. ಪೆಟ್ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಮೆತ್ತಗಾಗೋಕೆ ಶುರುವಾಗುತ್ತೆ, ಆದ್ದರಿಂದ ಇಡೀ ಕೆಲಸ ಬಿಸಿ ಏರದ ಹಾಗೆ ಆಗ್ಬೇಕು. ಇನ್ನೊಂದು, ಡಿಎಲ್‌ಸಿ ಕೂರುವಾಗಲೇ ಅದರೊಳಗೆ ಒತ್ತಡ ಉಳಿದುಬಿಡುತ್ತೆ. ಪದರ ದಪ್ಪ ಆದ್ರೆ ಪೊರೆ ಸುರುಳಿಯಾಗುತ್ತೆ, ಇಲ್ಲಾ ಲೇಪ ಬಿರುಕು ಬಿಡುತ್ತೆ. ದಪ್ಪ ಇದ್ದಷ್ಟೂ ಒಳ್ಳೇದು ಅನ್ನೋ ಮಾತು ಇಲ್ಲಿ ನಡೆಯಲ್ಲ.

ಗ್ರಾಫೀನ್ ಬಗ್ಗೆ ಒಂದೇ ಮಾತು. 2004ರಲ್ಲಿ ಪ್ರತ್ಯೇಕಿಸಿದ, 2010ರಲ್ಲಿ ನೊಬೆಲ್ ತಂದುಕೊಟ್ಟ ಆ ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆಗೆ ಹೇಳೋ ಬಿಗಿತದ ಅಂಕಿ, ಅಂಟಿನಲ್ಲಿ ಕಲಸಿ ಹಚ್ಚಿದ ಅದರ ಚೂರುಗಳಿಗೆ ಅನ್ವಯ ಆಗಲ್ಲ.

ಈಗ ಮತ್ತೆ ಮೊದಲಿನ ಶಾಟ್‌ಗೆ ಬರೋಣ. ಅಂಚಿನ ಮೇಲೆ ಲೇಪ ಇಲ್ಲ, ನೋಡಿದ್ರಲ್ಲ? ಗುಮ್ಮಟ ಬಿಗಿಯಾಗಿರ್ಬೇಕು, ಆದ್ರೆ ಅದನ್ನ ಹಿಡಿದಿರೋ ಅಂಚು ಸಡಿಲವಾಗಿ ಬಾಗ್ಬೇಕು. ಅಂಚನ್ನೂ ಬಿಗಿ ಮಾಡಿದ್ರೆ ಪೊರೆ ಓಡಾಡೋಕೇ ಆಗದೆ ಬೇಸ್ ಸೊರಗುತ್ತೆ. ಜೊತೆಗೆ ಗಟ್ಟಿ ಲೇಪ ಕಂಪನವನ್ನ ಹೀರಿಕೊಳ್ಳಲ್ಲ. ಬ್ರೇಕಪ್ ಮೇಲಕ್ಕೆ ಹೋದ್ರೂ ಅಲ್ಲಿ ಇನ್ನಷ್ಟು ಚೂಪಾಗಿ ಕೂರಬಹುದು. ಅದನ್ನ ಪಳಗಿಸೋದು ಕೆಳಗಿರೋ ಮೆದು ಪ್ಲಾಸ್ಟಿಕ್. ಲೇಪ ಅಂದ್ರೆ ಬಿಗಿ ಮಾಡೋಕೆ ಮಾತ್ರ ಅಂತಲೂ ಅಲ್ಲ. ಟ್ರೆಬಲ್ ನುಡಿಸೋ ಸಣ್ಣ ಸ್ಪೀಕರ್‌ಗಳಾದ ಟ್ವೀಟರ್‌ಗಳ ಬಟ್ಟೆಯ ಡೋಮ್‌ಗಳಿಗೆ ಅಂಟಂಟಾದ ಮೆದು ಲೇಪ ಹಚ್ಚೋದು ಕಂಪನ ಹೀರಿಕೊಳ್ಳಲಿ ಅಂತ. ಮೃದಂಗದ ಬಲಮುಖಕ್ಕೆ ಹಾಕೋ ಕರಣೆಯ, ಅಂದ್ರೆ ಆ ಕಪ್ಪು ಲೇಪದ ಉದ್ದೇಶ ಮತ್ತೂ ಬೇರೆ. ಅದು ಬೇಕಂತಲೇ ತೂಕ ಸೇರಿಸಿ, ಚರ್ಮದ ಉಪಸ್ವರಗಳನ್ನ ಶ್ರುತಿಗೆ ತರುತ್ತೆ. ಸಿ.ವಿ. ರಾಮನ್ 1920ರಲ್ಲೇ ಇದರ ಬಗ್ಗೆ ಬರೆದಿದ್ದಾರೆ.

ಇನ್ನು ಮನೆಯಲ್ಲೇ ವಾರ್ನಿಶ್, ನೇಲ್ ಪಾಲಿಶ್, ಯಾವುದೋ ಸ್ಪ್ರೇ ಹಚ್ಚಿ ನೋಡೋ ಆಸೆ. ಇದನ್ನ ಮಾಡ್ಬೇಡಿ ಅಂತ ಕೈ ಮುಗಿದು ಕೇಳ್ತೀನಿ. ಒಂದು ಹನಿ ನೀರು ಸುಮಾರು 50 ಮಿಲಿಗ್ರಾಂ ತೂಗುತ್ತೆ. ಅಷ್ಟೇ ತೂಕದ ವಾರ್ನಿಶ್ ಒಣಗಿ ಹತ್ತನೇ ಒಂದು ಭಾಗ ಉಳಿದ್ರೂ 5 ಮಿಲಿಗ್ರಾಂ. ಪೊರೆಯ ತೂಕವೇ 1.1 ಅಂತ ಈಗಷ್ಟೇ ನೋಡಿದ್ವಿ. ಪೊರೆ ಭಾರ ಆದಾಗ ಟ್ರೆಬಲ್ ಬಿದ್ದುಹೋಗುತ್ತೆ. ಕೇಳೋರಿಗೆ ಮೊದಲು ಇದು ಹಿತ ಅನ್ನಿಸುತ್ತೆ, ಚುಚ್ಚೋದು ಕಡಿಮೆಯಾಯ್ತಲ್ಲ! ಕಳೆದುಹೋದ ವಿವರ ನಿಧಾನಕ್ಕೆ ಗೊತ್ತಾಗುತ್ತೆ. ಅದರ ಮೇಲೆ, ಆ ದ್ರಾವಕಗಳು ಕಾಯಿಲ್ ಹಿಡಿದಿರೋ ಅಂಟನ್ನೇ ಕರಗಿಸಬಹುದು. ಕಾಯಿಲ್ ಕೂದಲೆಳೆಯಷ್ಟು ಓರೆಯಾದ್ರೂ ಮ್ಯಾಗ್ನೆಟ್‌ಗೆ ಉಜ್ಜಿ ಕರಕರ ಸದ್ದು ಬರುತ್ತೆ. ಟ್ರೆಬಲ್ ಚುಚ್ತಿದ್ರೆ ಈಕ್ವಲೈಸರ್‌ನಲ್ಲಿ ಆ ಜಾಗವನ್ನ 3 ಡೆಸಿಬೆಲ್ ಇಳಿಸಿ. ಇಷ್ಟ ಆಗದಿದ್ರೆ ತಕ್ಷಣ ವಾಪಸ್ ಬರಬಹುದು.

ಹಾಗಾದ್ರೆ ಲೇಪದ ಫಲ ಕಿವಿಗೆ ಗೊತ್ತಾಗುತ್ತಾ? ಇಲ್ಲಿ ನಾನು ಹುಷಾರಾಗಿ ಮಾತಾಡ್ತೀನಿ. ಇಯರ್‌ಫೋನ್ ಅಳೆಯೋ ಕೃತಕ ಕಿವಿಗೆ ಐಇಸಿ 60318-4 ಅನ್ನೋ ಅಂತರರಾಷ್ಟ್ರೀಯ ಮಾನದಂಡ ಇದೆ. ಅದು ಮನುಷ್ಯರ ಕಿವಿಯನ್ನ ಅನುಕರಿಸೋದು 10 ಕಿಲೋಹರ್ಟ್ಸ್‌ವರೆಗೆ ಮಾತ್ರ. ಲೇಪದ ಕೆಲಸ ಬಹುಪಾಲು ಅದರ ಆಸುಪಾಸು, ಅದಕ್ಕೂ ಮೇಲೆ. ಅಂದ್ರೆ ಆ ಅಳತೆಯ ಗ್ರಾಫ್ ಎಲ್ಲಿ ಕೈ ಕೊಡುತ್ತೋ ಅಲ್ಲೇ ನಮ್ಮ ಪ್ರಶ್ನೆ ಇದೆ. ಸಾಲದ್ದಕ್ಕೆ 8 ಕಿಲೋಹರ್ಟ್ಸ್ ಸುತ್ತ ಕಾಣೋ ಏರು, ಇಯರ್‌ಟಿಪ್ ಎಷ್ಟು ಒಳಗೆ ಕೂತಿದೆ ಅನ್ನೋದರ ಮೇಲೆ ಜಾಗ ಬದಲಿಸುತ್ತೆ. ಟಿಪ್ ಒಂದೆರಡು ಮಿಲಿಮೀಟರ್ ಸರಿದ್ರೂ ಆಗೋ ವ್ಯತ್ಯಾಸ, ಲೇಪದ ವ್ಯತ್ಯಾಸವನ್ನ ಮುಚ್ಚಿಬಿಡಬಹುದು. ಹಿಂದಿನ ಗಾಳಿ ರಂಧ್ರ, ಮುಂದಿನ ಜಾಲರಿ, ಒಳಗಿನ ಟೊಳ್ಳು, ಇವೂ ಸದ್ದನ್ನ ಅಷ್ಟೇ ರೂಪಿಸುತ್ತೆ. ಆದ್ದರಿಂದ ಬೇರೆ ಬೇರೆ ಎರಡು ಇಯರ್‌ಫೋನ್ ಕೇಳಿ, ಇದು ಡಿಎಲ್‌ಸಿ ಸೌಂಡ್, ಇದು ಬೆರಿಲಿಯಂ ಸೌಂಡ್ ಅಂತ ಹೇಳೋದನ್ನ ನಾನು ಒಪ್ಪಲ್ಲ. ಉಳಿದೆಲ್ಲ ಒಂದೇ ಇದ್ದು ಪೊರೆ ಮಾತ್ರ ಬೇರೆ ಇರೋ ಜೋಡಿ ಸಿಕ್ಕಿದ್ರೆ ಮಾತ್ರ ಆ ಮಾತಿಗೆ ಅರ್ಥ. ಆಗಲೂ ಎರಡರ ಜೋರನ್ನ ಮೀಟರ್ ಇಟ್ಟು ಸಮ ಮಾಡ್ಬೇಕು. ಒಂದು ಡೆಸಿಬೆಲ್ ಜೋರಾಗಿರೋದು ಚೆನ್ನಾಗಿದೆ ಅಂತಲೇ ಕೇಳಿಸುತ್ತೆ.

ನೀವು ಹೊಸದು ಕೊಳ್ಳೋಕೆ ಹೊರಟಿದ್ರೆ, ನಿಮ್ಮದೇ ಟಿಪ್ ಹಾಕಿ, ನೀವು ಚೆನ್ನಾಗಿ ಬಲ್ಲ ಹಾಡಿನಲ್ಲಿ ತಾಳದ ಸದ್ದು ಬರೋ ಭಾಗವನ್ನ ಕಡಿಮೆ ವಾಲ್ಯೂಮ್‌ನಲ್ಲೂ ಹೆಚ್ಚು ವಾಲ್ಯೂಮ್‌ನಲ್ಲೂ ಕೇಳಿ. ಡಬ್ಬಿ ಓದೋದು ಆಮೇಲೆ.